ನಡುವಯಸ್ಸಿನಲ್ಲಿ ಹೊಸ ಕೆಲಸ

‘ಉದ್ಯೋಗಂ ಪುರುಷಲಕ್ಷಣಂ’ ಎಂದು ನಮ್ಮ ಹಿರಿಯರು ಹೇಳಿದರು. ಆ ಉದ್ಯೋಗವು ನಲವತ್ತನೆಯ ವಯಸ್ಸಿನಲ್ಲಿ ಕೈಬಿಟ್ಟುಹೋದರೆ ಏನು ಮಾಡತಕ್ಕದ್ದು ಎಂಬುದನ್ನು ಮಾತ್ರ ಹೇಳಲಿಲ್ಲ. ಅದನ್ನು ಹೇಳಬೇಕಾದ ಅಗತ್ಯ ಅವರಿಗೆ ಬಿದ್ದಿರಲಾರದು. ಕುಂಬಾರನ ಮಗ ಕುಂಬಾರನಾಗಿ, ಶಾನುಭೋಗರ ಮಗ ಶಾನುಭೋಗನಾಗಿ ಬಾಳುತ್ತಿದ್ದ ಕಾಲ ಅದು. ನಮ್ಮ ಕಾಲದಲ್ಲಿ ಹಾಗಿಲ್ಲ. ವಂಶಪಾರಂಪರ್ಯವಾಗಿ ಬಂದ ಶಾನುಭೋಗಿಕೆಯೇ 1961ರ ಕಾಯಿದೆಯಿಂದ ರದ್ದಾಯಿತು. ಒಂದು ನೂರು ವರ್ಷಕ್ಕೂ ಮಿಕ್ಕಿ ನಡೆದ ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ನಮ್ಮಲ್ಲಿ ಅನೇಕರ ಮಣಿಕಟ್ಟಿನ ಮೇಲಿದ್ದ ಎಚ್.ಎಂ.ಟಿ. ಗಡಿಯಾರದ ಕಂಪೆನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಈ ಪಟ್ಟಿಯನ್ನು ಇನ್ನೂ ಬೆಳೆಸಬಹುದು. ನಿಮ್ಮ ಊರಿನಲ್ಲಿಯೇ ಅದಕ್ಕೆ ಒಂದೆರಡು ಹೆಸರು ಸಿಕ್ಕೀತು.

ಇಂಥ ಸಮಯ ಬಂದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನ್ನ ಉದ್ದೇಶ. ನಾನು ಪಂಡಿತನಲ್ಲ. ಈ ವಿಷಯದಲ್ಲಿ ನನಗಿರುವ ಅರ್ಹತೆ ಒಂದೇ: ಮಾಡಬಾರದ್ದನ್ನೆಲ್ಲ ಮೊದಲು ಮಾಡಿ, ಆಮೇಲೆ ಬುದ್ಧಿ ಕಲಿತವನು ನಾನು.

ನಾನು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವನು. ಎಸ್.ಎಸ್.ಎಲ್.ಸಿ. ಮುಗಿಸಿ, ಮೂರು ವರ್ಷ ಅಲ್ಲಿ ಇಲ್ಲಿ ಅಲೆದು, 1978ರಲ್ಲಿ ಒಂದು ಪ್ರೆಸ್ಸಿಗೆ ಸೇರಿದೆ. ಕನ್ನಡದ ಮೊಳೆ ಜೋಡಿಸುವುದು ಇಂಗ್ಲಿಷಿನಷ್ಟು ಸುಲಭವಲ್ಲ. ಅಕ್ಷರ ಬೇರೆ, ಒತ್ತು ಬೇರೆ, ಕೊಂಬು ದೀರ್ಘಗಳು ಬೇರೆ. ಕೇಸಿನ ನೂರಾರು ಮನೆಗಳಲ್ಲಿ ಯಾವುದರಲ್ಲಿ ಯಾವ ಮೊಳೆ ಇದೆಯೆಂಬುದು ಕಣ್ಣಿಗಲ್ಲ, ಕೈಗೆ ಗೊತ್ತಿರಬೇಕು. ಕನ್ನಡಿಯಲ್ಲಿ ಕಾಣುವಂತೆ ತಿರುಗುಮುರುಗಾಗಿರುವ ಸಾಲನ್ನು ಓದಿ ತಪ್ಪು ಹಿಡಿಯಬೇಕು. ಹತ್ತೊಂಬತ್ತು ವರ್ಷ ಆ ಕೆಲಸ ಮಾಡಿದೆ. 1997ರಲ್ಲಿ ನಮ್ಮ ಯಜಮಾನರು ಎರಡು ಕಂಪ್ಯೂಟರು ತಂದರು. ಅದೇ ವರ್ಷ ದೀಪಾವಳಿಯ ಹೊತ್ತಿಗೆ ಸೀಸದ ಮೊಳೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ತೂಕಕ್ಕೆ ಮಾರಿದ್ದಾಯಿತು. ಯಜಮಾನರು ಒಳ್ಳೆಯವರು. ನಮಗೆ ಬರಬೇಕಾದ ಹಣವನ್ನೆಲ್ಲ ಲೆಕ್ಕಮಾಡಿ ಕೊಟ್ಟು, ಕೈಮುಗಿದು ಕಳುಹಿಸಿಕೊಟ್ಟರು. ಆಗ ನನಗೆ ನಲವತ್ತೊಂದು ವರ್ಷ. ಮಗಳು ಒಂಬತ್ತನೆಯ ತರಗತಿಯಲ್ಲಿದ್ದಳು. ಬಾಡಿಗೆಯ ಮನೆ.

ನನ್ನ ಮೊದಲನೆಯ ತಪ್ಪು, ಈ ಸಂಗತಿಯನ್ನು ಯಾರಿಗೂ ಹೇಳದೆ ಇದ್ದುದು. ಮನೆಯವಳಿಗೆ ಮಾತ್ರ ಗೊತ್ತು. ಅಕ್ಕಪಕ್ಕದವರು ಕೇಳಿದರೆ ‘ರಜ ಹಾಕಿದ್ದೇನೆ’ ಎನ್ನುತ್ತಿದ್ದೆ. ಎದುರಿಗೆ ಪರಿಚಯದವರು ಬಂದರೆ ಅಡ್ಡರಸ್ತೆಗೆ ತಿರುಗುತ್ತಿದ್ದೆ. ನಾನೇನೋ ಕದ್ದು ಸಿಕ್ಕಿಬಿದ್ದವನ ಹಾಗೆ! ಎರಡನೆಯ ತಪ್ಪು, ಪ್ರಾವಿಡೆಂಟ್ ಫಂಡಿನ ಹಣವನ್ನು ಬಿಡಿಸಿಕೊಂಡು ಅದರಲ್ಲಿ ಒಂದು ಪಾಲನ್ನು ಮೂರು ತಿಂಗಳ ಕಂಪ್ಯೂಟರ್ ತರಗತಿಗೆ ಸುರಿದುದು. ಕಲಿತದ್ದು ತಪ್ಪಲ್ಲ, ಎಲ್ಲಿ, ಯಾವ ಕೆಲಸಕ್ಕೆ ಅದು ಬೇಕಾದೀತೆಂದು ವಿಚಾರಿಸದೆ ಕಲಿಯಲು ಹೋದದ್ದು ತಪ್ಪು. ಇಪ್ಪತ್ತು ವರ್ಷದ ಹುಡುಗರು ನನ್ನ ಎರಡರಷ್ಟು ವೇಗವಾಗಿ ಬೆರಳಾಡಿಸುತ್ತಿದ್ದರು, ನನ್ನ ಅರ್ಧ ಸಂಬಳಕ್ಕೆ ಒಪ್ಪುತ್ತಿದ್ದರು. ಮೂರನೆಯದು, ಎಲ್ಲಕ್ಕಿಂತ ದೊಡ್ಡ ತಪ್ಪು. ‘ಯಾವ ಕೆಲಸವಾದರೂ ಸರಿ’ ಎಂದು ನಾನು ಅರ್ಜಿ ಹಾಕಿದ್ದು. ಗುಮಾಸ್ತೆಯ ಕೆಲಸಕ್ಕೂ ಅದೇ ಅರ್ಜಿ, ಗೋದಾಮಿನ ಕೆಲಸಕ್ಕೂ ಅದೇ ಅರ್ಜಿ. ಮೇಲಿನ ವಿಳಾಸ ಮಾತ್ರ ಬೇರೆ. ನಾಲ್ಕು ತಿಂಗಳಲ್ಲಿ ಅರುವತ್ತು ಅರ್ಜಿಗಳಾದವು. ಉತ್ತರ ಬಂದದ್ದು ಮೂರಕ್ಕೆ. ಮೂರೂ ‘ಇಲ್ಲ’ ಎಂದು.

ಒಂದು ದಿನ ಮಾರುಕಟ್ಟೆಯ ಬಳಿ ನಮ್ಮ ಪ್ರೆಸ್ಸಿಗೆ ಕಾಗದ ಸರಬರಾಜು ಮಾಡುತ್ತಿದ್ದವರೊಬ್ಬರು ಸಿಕ್ಕಿದರು. ಅಡ್ಡರಸ್ತೆ ಇರಲಿಲ್ಲವಾದ್ದರಿಂದ ತಪ್ಪಿಸಿಕೊಳ್ಳಲಾಗಲಿಲ್ಲ.

“ಏನು ಸ್ವಾಮಿ, ಈಗ ಎಲ್ಲಿದ್ದೀರಿ?” ಎಂದರು.

ಮನೆಯಲ್ಲಿದ್ದೇನೆಂದು ಹೇಳಿದೆ. “ಯಾವ ಕೆಲಸವಾದರೂ ಆದೀತು, ಎಲ್ಲಾದರೂ ಇದ್ದರೆ ಹೇಳಿ” ಎಂದೆ.

ಅವರು ನಕ್ಕರು. “ಯಾವುದಾದರೂ ಅಂದರೆ ನಾನು ಯಾರ ಹತ್ತಿರ ಹೋಗಿ ಏನಂತ ಕೇಳಲಿ? ಇಂಥದ್ದು ಅಂತ ಹೇಳಿ. ದಿನಕ್ಕೆ ಹತ್ತು ಬಾಗಿಲು ಹತ್ತಿ ಇಳಿಯುವವನು ನಾನು. ಕಿವಿಗೆ ಬಿದ್ದರೆ ನೆನಪಾಗುತ್ತದೆ.”

ಆ ರಾತ್ರಿ ಮಗಳ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ನನಗೆ ಏನೇನು ಬರುತ್ತದೆಂದು ಬರೆಯಲು ಕುಳಿತೆ. ‘ಕಂಪೋಸಿಟರ್’ ಎಂದು ಬರೆದು ನಿಲ್ಲಿಸಿದೆ. ಆ ಕೆಲಸವೇ ಲೋಕದಲ್ಲಿ ಇಲ್ಲವಾಗುತ್ತಿತ್ತಲ್ಲ! ಮನೆಯವಳು ಪಾತ್ರೆ ಒರಸುತ್ತ ನೋಡುತ್ತಿದ್ದಳು. “ನೀವು ಊಟಕ್ಕೆ ಕೂತರೆ ಉಪ್ಪಿನಕಾಯಿ ಬಾಟಲಿನ ಚೀಟಿಯಲ್ಲೂ ತಪ್ಪು ಹುಡುಕುತ್ತೀರಲ್ಲ, ಅದನ್ನು ಬರೀರಿ” ಎಂದಳು. ತಮಾಷೆಗೆ ಹೇಳಿದಳೋ ನಿಜಕ್ಕೆ ಹೇಳಿದಳೋ ತಿಳಿಯದು. ನಾನು ಬರೆದೆ. ಅಕ್ಷರದ ತಪ್ಪು, ಅಂಕಿಯ ತಪ್ಪು ಹಿಡಿಯಬಲ್ಲೆ. ಕನ್ನಡ, ಇಂಗ್ಲಿಷ್ ಎರಡನ್ನೂ ಓದಬಲ್ಲೆ. ಕಾಗದದ ತೂಕ, ದರ, ಒಂದು ಕೆಲಸಕ್ಕೆ ಎಷ್ಟು ರೀಮು ಬೇಕೆಂಬುದು ಗೊತ್ತು. ಹೇಳಿದ ದಿನಕ್ಕೆ ಕೆಲಸ ಮುಗಿಸುವ ಅಭ್ಯಾಸವಿದೆ. ಬರೆಯುತ್ತ ಹೋದಂತೆ ‘ಕಂಪೋಸಿಟರ್’ ಎಂಬ ಒಂದು ಹೆಸರಿನ ಹಿಂದೆ ಏಳೆಂಟು ಕೆಲಸಗಳು ಅಡಗಿದ್ದವೆಂದು ಕಂಡಿತು. ಹೆಸರು ಹೋಗಿತ್ತು, ಆ ಏಳೆಂಟು ಕೆಲಸಗಳು ಹೋಗಿರಲಿಲ್ಲ.

ಚೀಟಿಯಲ್ಲಿ ತಪ್ಪಿದ್ದರೆ ಯಾರಿಗೆ ನಷ್ಟ? ಈ ಪ್ರಶ್ನೆ ಹಾಕಿಕೊಂಡಾಗ ದಾರಿ ಕಂಡಿತು. ಪಠ್ಯಪುಸ್ತಕ ಹಾಕುವವರಿಗೆ, ಬ್ಯಾಂಕಿನ ನಮೂನೆ ಅಚ್ಚು ಹಾಕಿಸುವವರಿಗೆ, ಎಲ್ಲರಿಗಿಂತ ಹೆಚ್ಚಾಗಿ ಔಷಧಿ ತಯಾರಿಸುವವರಿಗೆ. ಅಲ್ಲಿ ಒಂದು ಸೊನ್ನೆ ಹೆಚ್ಚಾದರೆ ಪ್ರಾಣಕ್ಕೆ ಬಂದೀತು. ಈ ಮೂರು ಬಗೆಯ ಹದಿನೆಂಟು ಸ್ಥಳಗಳ ಪಟ್ಟಿ ಮಾಡಿದೆ. ಕಾಗದದವರಿಗೆ ಹೋಗಿ ಹೇಳಿದೆ: “ಔಷಧಿ ಡಬ್ಬಿಯ ಮೇಲಿನ ಬರಹ, ಒಳಗಿನ ಚೀಟಿ, ಇವುಗಳ ಕರಡು ತಿದ್ದುವ ಕೆಲಸ ನನಗೆ ಬೇಕು.” ಮೂರು ವಾರ ಕಳೆದ ಮೇಲೆ ಅವರೇ ಹೇಳಿಕಳುಹಿಸಿದರು. ರಟ್ಟಿನ ಡಬ್ಬಿ ಮಾಡುವವರೊಬ್ಬರ ಬಳಿ, ಒಂದು ಔಷಧಿ ಕಾರ್ಖಾನೆಯವರು ತಪ್ಪು ಅಚ್ಚಾದ ಡಬ್ಬಿಗಳನ್ನು ಹಿಂದಿರುಗಿಸಿದ್ದನ್ನು ಅವರು ಕಂಡಿದ್ದರಂತೆ. ನಾನು ಆ ಕಾರ್ಖಾನೆಗೆ ಹೋದೆ. ಅಲ್ಲಿನ ಅಧಿಕಾರಿಗಳು ಒಂದು ಚೀಟಿ ಕೊಟ್ಟು ಓದಲು ಹೇಳಿದರು. ಅವರಿಗೆ ಗೊತ್ತಿದ್ದ ತಪ್ಪು ಎರಡು. ನಾನು ಐದು ತೋರಿಸಿದೆ. 1998ರ ಜೂನಿನಲ್ಲಿ ಕೆಲಸಕ್ಕೆ ಸೇರಿದೆ. ಮೊದಲಿನ ಸಂಬಳಕ್ಕಿಂತ ಕಾಲುಭಾಗ ಕಡಿಮೆ. ಎರಡು ವರ್ಷದಲ್ಲಿ ಸರಿಹೋಯಿತು. ಹದಿನೆಂಟು ವರ್ಷ ಅಲ್ಲಿದ್ದು, ಅರುವತ್ತು ತುಂಬಿ ನಿವೃತ್ತನಾದೆ. ಅವಸರಕ್ಕೆ ಕಲಿತ ಕಂಪ್ಯೂಟರ್ ಕೂಡ ಅಲ್ಲಿ ಉಪಯೋಗಕ್ಕೆ ಬಂದಿತೆಂಬುದನ್ನು ಮುಚ್ಚಿಡಬಾರದು.

ಇಷ್ಟು ನನ್ನ ಕಥೆ. ಇದರಿಂದ ನಿಮಗೆ ಉಪಯೋಗಕ್ಕೆ ಬರಬಹುದಾದದ್ದೇನೆಂದು ಈಗ ನೋಡೋಣ.

ಮೊದಲನೆಯದು ಹಣದ ಲೆಕ್ಕ. ಬೇರೆ ಕೆಲಸ ಸಿಕ್ಕುವವರೆಗೆ ಇರುವ ಕೆಲಸವನ್ನು ಬಿಡದಿರುವುದು ಲೇಸು. ಬಿಡಲೇಬೇಕಾಗಿ ಬಂದರೆ, ಎಷ್ಟು ತಿಂಗಳು ಮನೆ ನಡೆದೀತೆಂಬುದನ್ನು ಮನೆಯವರೆಲ್ಲ ಕುಳಿತು ಲೆಕ್ಕ ಹಾಕಬೇಕು. ಅದನ್ನು ಒಬ್ಬರೇ ತಲೆಯಲ್ಲಿ ಹೊತ್ತು ತಿರುಗಬಾರದು. ಒಂದೇ ಕಡೆ ಐದು ವರ್ಷ ಎಡೆಬಿಡದೆ ದುಡಿದವರಿಗೆ ಗ್ರಾಚ್ಯುಯಿಟಿ ಉಂಟು. 1972ರ ಕಾಯಿದೆಯಿಂದ ಬಂದ ಲೆಕ್ಕ ಹೀಗೆ: ಕೊನೆಯ ತಿಂಗಳ ಮೂಲ ಸಂಬಳ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 26,000 ರೂಪಾಯಿ ಸಂಬಳದವರಿಗೆ ವರ್ಷಕ್ಕೆ 15,000. ಹನ್ನೆರಡು ವರ್ಷಕ್ಕೆ 1,80,000 ರೂಪಾಯಿ. ಪ್ರಾವಿಡೆಂಟ್ ಫಂಡನ್ನು ನಾನು ಮಾಡಿದಂತೆ ಒಡೆಯಬೇಡಿ. 2014ರಿಂದ ಒಬ್ಬೊಬ್ಬ ಸದಸ್ಯರಿಗೂ ಒಂದೇ ಸಂಖ್ಯೆ ಬಂದಿದೆ; ಕೆಲಸ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ, ಹಳೆಯ ಹಣವನ್ನು ಹೊಸ ಖಾತೆಗೆ ವರ್ಗಾಯಿಸಿಕೊಳ್ಳಬಹುದು. ಆ ಫಂಡಿನ ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಬೇಕು. ನಡುವೆ ಪಿಂಚಣಿಯ ಹಣವನ್ನೂ ಬಿಡಿಸಿಕೊಂಡುಬಿಟ್ಟರೆ ಆ ಹಳೆಯ ವರ್ಷಗಳು ಲೆಕ್ಕಕ್ಕೆ ಬಾರದೆ ಹೋಗುತ್ತವೆ.

ಎರಡನೆಯದು, ಗುರಿ. ನಿಮ್ಮ ಕೆಲಸದ ಹೆಸರನ್ನು ಬದಿಗಿಟ್ಟು, ಬೆಳಗಿನಿಂದ ಸಂಜೆಯವರೆಗೆ ನಿಜವಾಗಿ ಏನೇನು ಮಾಡುತ್ತೀರೆಂದು ಒಂದು ವಾರ ಬರೆದಿಡಿ. ‘ಉಪಾಧ್ಯಾಯಿನಿ’ ಎಂದರೆ ಒಂದು ಮಾತು. ಆದರೆ ಆಕೆ ತಿಳಿಯದವರಿಗೆ ತಿಳಿಯುವಂತೆ ಹೇಳುತ್ತಾಳೆ, ನಲವತ್ತು ಮಂದಿಯನ್ನು ಹಿಡಿತದಲ್ಲಿಡುತ್ತಾಳೆ, ಪ್ರಶ್ನೆಪತ್ರಿಕೆ ಮಾಡುತ್ತಾಳೆ, ಸಿಟ್ಟಿನಿಂದ ಬಂದ ತಂದೆತಾಯಿಗಳನ್ನು ಸಮಾಧಾನಪಡಿಸಿ ಕಳುಹಿಸುತ್ತಾಳೆ. ಇವುಗಳಲ್ಲಿ ಒಂದೊಂದಕ್ಕೂ ಬೇರೆ ಕಡೆ ಬೆಲೆಯುಂಟು. ಹಾಗೆ ಬರೆದ ಮೇಲೆ ಇನ್ನೊಂದು ವಿಚಾರ. ಕೆಲಸದ ಬಗೆ ಮತ್ತು ಕೆಲಸದ ಕ್ಷೇತ್ರ, ಈ ಎರಡರಲ್ಲಿ ಸಾಧ್ಯವಾದಷ್ಟೂ ಒಂದನ್ನು ಮಾತ್ರ ಒಮ್ಮೆಗೆ ಬದಲಿಸಿ. ಸಕ್ಕರೆ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದವರು ಆಸ್ಪತ್ರೆಯಲ್ಲಿ ಲೆಕ್ಕ ಬರೆಯಬಹುದು. ಅಲ್ಲಿಯ ರೀತಿನೀತಿ ತಿಳಿದ ಮೇಲೆ ಆಡಳಿತದ ಕೆಲಸಕ್ಕೆ ಹೋಗಬಹುದು. ಒಂದು ಕಾಲು ಗಟ್ಟಿ ನೆಲದ ಮೇಲಿದ್ದರೆ ಇನ್ನೊಂದನ್ನು ಎತ್ತಿಡುವುದು ಸುಲಭ.

ಮೂರನೆಯದು, ಕೇಳುವ ಕ್ರಮ. ನೂರು ಕಡೆಗೆ ಒಂದೇ ಅರ್ಜಿಯನ್ನು ಕಳುಹಿಸುವ ಬದಲು ಇಪ್ಪತ್ತು ಸ್ಥಳಗಳನ್ನು ಆರಿಸಿ, ಒಂದೊಂದರ ವಿಷಯವನ್ನೂ ತಿಳಿದುಕೊಂಡು ಬೇರೆಬೇರೆಯಾಗಿ ಬರೆಯಿರಿ. ಈಗ ಮೊಬೈಲಿನಲ್ಲಿ ಗುಂಡಿಯೊತ್ತಿದರೆ ಅರ್ಜಿ ಹೋಗುತ್ತದೆ. ಸುಲಭವಾದದ್ದರಿಂದಲೇ ಎಲ್ಲರೂ ಒತ್ತುತ್ತಾರೆ. ಆ ರಾಶಿಯಲ್ಲಿ ನಿಮ್ಮದೂ ಒಂದಾಗುತ್ತದೆ. ಒಂದು ನೋಟುಬುಕ್ಕಿನಲ್ಲಿ ಗೆರೆ ಹಾಕಿ, ಸ್ಥಳ, ಕಂಡವರು, ತಾರೀಖು, ಅವರು ಹೇಳಿದ ಮಾತು, ಮತ್ತೆ ಯಾವಾಗ ಕಾಣಬೇಕು ಎಂದು ಗುರುತು ಹಾಕಿ. ಮೊದಲ ಭೇಟಿಯಲ್ಲಿ ‘ಕೆಲಸ ಕೊಡಿ’ ಎಂದರೆ ಎದುರಿಗಿರುವವರು ‘ಇಲ್ಲ’ ಎನ್ನಬೇಕಾಗುತ್ತದೆ. ‘ನಿಮ್ಮಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ, ಇದಕ್ಕೆ ಬರುವವರು ಏನು ಕಲಿತಿರಬೇಕು, ಹತ್ತು ನಿಮಿಷ ಹೇಳುತ್ತೀರಾ?’ ಎಂದು ಕೇಳಿದರೆ ಬಹುಮಟ್ಟಿಗೆ ಯಾರೂ ಇಲ್ಲವೆನ್ನುವುದಿಲ್ಲ. ತನ್ನ ಕೆಲಸದ ವಿಷಯ ಹೇಳಿಕೊಳ್ಳುವುದು ಯಾರಿಗೆ ತಾನೆ ಬೇಡ?

ನಾಲ್ಕನೆಯದು, ಯಾರನ್ನು ಕೇಳಬೇಕೆಂಬುದು. ಹತ್ತಿರದ ನೆಂಟರೇ ಗತಿ ಎಂದು ನಾವು ತಿಳಿಯುತ್ತೇವೆ. ಮಾರ್ಕ್ ಗ್ರನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದ ಬಾಸ್ಟನ್ ನಗರದ ಬಳಿ, ಕೆಲಸ ಬದಲಿಸಿದವರನ್ನು ವಿಚಾರಿಸಿ 1973ರಲ್ಲಿ ಒಂದು ಲೇಖನ ಬರೆದರು. ಪರಿಚಯದವರ ಮೂಲಕ ಕೆಲಸ ಪಡೆದವರಲ್ಲಿ, ಆ ಪರಿಚಯದವರನ್ನು ವಾರಕ್ಕೆರಡು ಬಾರಿಯಾದರೂ ಕಾಣುತ್ತಿದ್ದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರು 56. ವರ್ಷಕ್ಕೊಮ್ಮೆ ಕಂಡರೆ ಹೆಚ್ಚು ಎನ್ನುವಂಥವರು 28. ಕಾರಣ ಸರಳವಾಗಿದೆ. ನಮ್ಮ ಮನೆಯವರಿಗೆ, ಆಪ್ತ ಸ್ನೇಹಿತರಿಗೆ ಗೊತ್ತಿರುವ ಸುದ್ದಿ ನಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ಬಾಗಿಲುಗಳನ್ನು ಹತ್ತಿ ಇಳಿಯುವವರು. ನನ್ನ ಕಾಗದದ ಸ್ನೇಹಿತರ ವಿಷಯದಲ್ಲಿ ಇದು ಅಕ್ಷರಶಃ ನಿಜವಾಯಿತು. ಆದುದರಿಂದ ಕೆಲಸ ಹೋದ ಸಂಗತಿಯನ್ನು ಬಚ್ಚಿಡಬೇಡಿ. ಹಳೆಯ ಸಹಪಾಠಿ, ಹಿಂದಿನ ಮನೆಯ ಮಾಲೀಕರು, ಅಂಗಡಿಯವರು, ಬ್ಯಾಂಕಿನವರು, ಎಲ್ಲರಿಗೂ ಒಂದೇ ವಾಕ್ಯದಲ್ಲಿ ನಿಮಗೆ ಬೇಕಾದ ಕೆಲಸವನ್ನು ಹೇಳಿ. ನಾಚಿಕೆಯಿಂದ ನಾನು ಕಳೆದುಕೊಂಡದ್ದು ನಾಲ್ಕು ತಿಂಗಳು.

ಐದನೆಯದು, ಕಲಿಯುವುದು. ಇಂಥ ಕಡೆ ಇಂಥದ್ದು ಬೇಕೆಂದು ಗೊತ್ತಾದ ಮೇಲೆ ಕಲಿಯಲು ಹೋಗಿ. ಅದಕ್ಕೆ ನಮ್ಮ ನಾಡಿನಲ್ಲಿ ಸ್ಥಳಗಳಿಗೆ ಕೊರತೆಯಿಲ್ಲ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಸ್ವಂತ ಕಸುಬು ಹಿಡಿಯುವವರಿಗಾಗಿ 1982ರಲ್ಲಿ ಉಜಿರೆಯಲ್ಲಿ ತೆರೆದ ರುಡ್‌ಸೆಟ್ ಸಂಸ್ಥೆ, 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ, ಇವೆಲ್ಲ ಬೇರೆಬೇರೆ ಬಗೆಯ ಜನರಿಗೆ ದಾರಿ ಮಾಡಿಕೊಟ್ಟಿವೆ. ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ರಾಷ್ಟ್ರೀಯ ವೃತ್ತಿ ಸೇವೆಯಲ್ಲಿ ಹಣ ಕೊಡದೆಯೇ ಹೆಸರು ದಾಖಲು ಮಾಡಬಹುದು. ಕೆಲಸ ಕೊಡಿಸುತ್ತೇವೆಂದು ಮುಂಗಡ ಕೇಳುವವರ ವಿಷಯದಲ್ಲಿ ಎಚ್ಚರವಿರಲಿ. ನಿಮ್ಮ ಕೆಲಸ ನಿಜವಾಗಿ ಬೇಕಾದವನು ನಿಮಗೆ ಹಣ ಕೊಡುತ್ತಾನೆ, ನಿಮ್ಮಿಂದ ಕೇಳುವುದಿಲ್ಲ.

ಇನ್ನು ಕೊನೆಯದಾಗಿ ಹೊತ್ತಿನ ಮಾತು. ಆಸ್ಟ್ರಿಯಾ ದೇಶದ ಮಾರಿಯೆಂತಾಲ್ ಎಂಬ ಸಣ್ಣ ಊರಿನಲ್ಲಿ, ಊರಿಗೆಲ್ಲ ಅನ್ನ ಕೊಡುತ್ತಿದ್ದ ಗಿರಣಿ 1930ರ ಸುಮಾರಿಗೆ ಮುಚ್ಚಿಹೋಯಿತು. ಮೂವರು ವಿದ್ವಾಂಸರು ಆ ಊರಿನ ಬಾಳನ್ನು ಪರೀಕ್ಷಿಸಿ 1933ರಲ್ಲಿ ಪುಸ್ತಕ ಪ್ರಕಟಿಸಿದರು. ಕೆಲಸವಿಲ್ಲದವರಿಗೆ ಬೇಕಾದಷ್ಟು ಹೊತ್ತಿತ್ತು. ಆದರೂ ಊರಿನ ಪುಸ್ತಕಭಂಡಾರದಿಂದ ಅವರು ಓದಲು ತರುತ್ತಿದ್ದ ಪುಸ್ತಕಗಳು ಮೊದಲಿಗಿಂತ ಕಡಿಮೆಯಾದವು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೂ ತಗ್ಗಿತು. ಮನೆಗೆಲಸ ತಪ್ಪದಿದ್ದ ಹೆಂಗಸರು ಅವರಿಗಿಂತ ಬೇಗ ನಡೆಯುತ್ತಿದ್ದರು. ಇದನ್ನು ಓದಿದಾಗ ನನ್ನ ಆ ನಾಲ್ಕು ತಿಂಗಳು ನೆನಪಾಯಿತು. ಎಂಟು ಗಂಟೆಗೆ ಏಳುತ್ತಿದ್ದೆ. ಒಂದು ಕಾಗದವನ್ನು ಅಂಚೆಗೆ ಹಾಕಿ ಬರುವುದರಲ್ಲಿ ಮಧ್ಯಾಹ್ನವಾಗುತ್ತಿತ್ತು. ಹದಿನೆಂಟು ಸ್ಥಳಗಳ ಪಟ್ಟಿ ಮಾಡಿದ ಮೇಲೆ ಮೊದಲಿನಂತೆ ಸ್ನಾನಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ಒಂಬತ್ತಕ್ಕೆ ಮನೆ ಬಿಡತೊಡಗಿದೆ. ಕೆಲಸ ಹುಡುಕುವುದೂ ಒಂದು ಕೆಲಸ. ಅದಕ್ಕೂ ಹೊತ್ತು ಗೊತ್ತು ಇರಬೇಕು. ಸಂಜೆ ಆರಕ್ಕೆ ಅದನ್ನು ನಿಲ್ಲಿಸಿ ಮಕ್ಕಳೊಡನೆ ಕುಳಿತುಕೊಳ್ಳುವುದೂ ಬೇಕು.

ಹೊಸ ಜಾಗದಲ್ಲಿ ಮೊದಲ ವರ್ಷ ಕಷ್ಟವಾದೀತು. ಮಗನ ವಯಸ್ಸಿನವರು ಮೇಲಧಿಕಾರಿಗಳಾಗಿರುತ್ತಾರೆ. ‘ನಮ್ಮ ಹಳೆಯ ಕಡೆ ಹೀಗೆ ಮಾಡುತ್ತಿದ್ದೆವು’ ಎಂದು ನಾಲಿಗೆಯ ತುದಿಗೆ ಬರುತ್ತದೆ. ಆ ಮಾತನ್ನು ಆರು ತಿಂಗಳು ನುಂಗಿಕೊಂಡಿದ್ದರೆ, ಆಮೇಲೆ ಅವರಾಗಿಯೇ ಕೇಳುತ್ತಾರೆ. ಹಾಗೆಯೇ ಹಳೆಯ ಯಜಮಾನರ ಮೇಲೆ ಹೊಸ ಯಜಮಾನರ ಮುಂದೆ ದೂರು ಹೇಳಬಾರದು. ನಾಳೆ ನಮ್ಮ ಮೇಲೂ ಹೀಗೆಯೇ ಹೇಳುತ್ತಾನೆಂದು ಅವರು ಎಣಿಸಿಕೊಳ್ಳುತ್ತಾರೆ.

ಇದನ್ನು ಓದುತ್ತಿರುವವರಲ್ಲಿ ಕೆಲವರ ಮನೆಯಲ್ಲಿ ಈ ತಿಂಗಳೇ ಇಂಥ ಚಿಂತೆ ಇದ್ದೀತು. ಅವರಲ್ಲಿ ನನ್ನ ಬಿನ್ನಹ ಇಷ್ಟೆ. ಈ ರಾತ್ರಿ ಊಟವಾದ ಮೇಲೆ ಒಂದು ಹಾಳೆ ತೆಗೆದುಕೊಂಡು ನಿಮಗೆ ಬರುವುದನ್ನೆಲ್ಲ ಬರೆಯಿರಿ. ಬರೆದದ್ದನ್ನು ಮನೆಯವರಿಗೆ ತೋರಿಸಿ. ನೀವು ಮರೆತದ್ದು ಏನೆಂದು ಅವರಿಗೆ ಗೊತ್ತಿರುತ್ತದೆ. ನಮ್ಮ ಮನೆಯಲ್ಲಿ ಈಗಲೂ ಉಪ್ಪಿನಕಾಯಿ ಬಾಟಲು ಮುಂದೆ ಬಂದರೆ ನಾನು ಮೊದಲು ಚೀಟಿ ಓದುತ್ತೇನೆ. ಮಗಳು, ಅಳಿಯ, ಮೊಮ್ಮಕ್ಕಳು ನಗುತ್ತಾರೆ. ಅವರ ಅಜ್ಜಿ ಮಾತ್ರ ನಗುವುದಿಲ್ಲ.